ರೇಷ್ಮೆ ಹುಳ ಹಿಪ್ಪುನೇರಳೆ ಬಿಟ್ಟು ಬೇರೆ ಸೊಪ್ಪು ಯಾಕೆ ಮುಟ್ಟಲ್ಲ? ಗಿಡದ ಹಾಲಿಗೂ ಹುಳಕ್ಕೂ ಏನು ಸಂಬಂಧ?

ಚಾಕಿಮನೆ_ಮಳವಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮಳವಳ್ಳಿ ಕಡೆ, ಅಪ್ಪನ ಕಾಲದಿಂದ್ಲೂ ರೇಷ್ಮೆ ಬೇಸಾಯ. ಈ ಬೇಸಿಗೇಲಿ ಬೋರ್‌ವೆಲ್ ಕೈಕೊಡ್ತು. ಸರಿಯಾಗಿ ಹುಳ ನಾಲ್ಕನೇ ಜ್ವರ (ಪೊರೆ ಬಿಡೋ ಮುಂಚಿನ ನಿದ್ದೆ) ಎದ್ದ ಹೊತ್ತಿಗೇ ಸೊಪ್ಪು ಸಾಲದೇ ಹೋಯ್ತು. ಹುಳ ಸಾಕಿದೋರಿಗೆ ಗೊತ್ತು, ಆಗ ಅವಕ್ಕೆ ಎಷ್ಟು ಹಾಕಿದ್ರೂ ಕಮ್ಮೀನೇ. ತಲೆ ಎತ್ಕಂಡು ಆ ಕಡೆ ಈ ಕಡೆ ಆಡಿಸ್ತಾ ಹುಡುಕ್ತವೆ, ನೋಡಕ್ಕಾಗಲ್ಲ.

ಪಕ್ಕದ ಊರಿಂದ ಸೊಪ್ಪು ಬರೋಗಂಟ ಹೊಟ್ಟೆಗೆ ಏನಾದ್ರೂ ಆಗಲಿ ಅಂತ ಒಂದು ತಟ್ಟೆಗೆ ಹರಳು ಸೊಪ್ಪು, ಇನ್ನೊಂದಕ್ಕೆ ನುಗ್ಗೆ, ಮತ್ತೊಂದಕ್ಕೆ ಬದುವಿನ ಅತ್ತಿ ಸೊಪ್ಪು ಹಾಕ್ದೆ. ಒಂದೂ ಬಾಯಿ ಇಡ್ಲಿಲ್ಲ. ಎಲೆ ಮೇಲೆ ಹತ್ತಿ, ಹಂಗೇ ಇಳಿದು ಹೋದ್ವು. ಸಾಯೋ ಹಸಿವಲ್ಲೂ ಯಾಕೆ ತಿನ್ನಲ್ಲ? ಇನ್ನೊಂದು, ಹಿಪ್ಪುನೇರಳೆ ಕಡ್ಡಿ ಮುರಿದ್ರೆ ಹಾಲು ಬರ್ತದಲ್ಲ, ಅದರಿಂದ ಗಿಡಕ್ಕೆ ಏನು ಉಪಯೋಗ? ತಿಳಿದೋರು ಬಿಡಿಸಿ ಹೇಳಿ.

ಗದ್ದೆಬದು_ಪಾಂಡವಪುರ

ಅದು ಅದರ ಹುಟ್ಟುಗುಣ ಕಣಣ್ಣ. ಎಮ್ಮೆ ಮೀನು ತಿಂತದಾ? ದೇವರು ಒಂದೊಂದಕ್ಕೆ ಒಂದೊಂದು ಊಟ ಇಟ್ಟವ್ನೆ. ಹಾಲಿನ ವಿಷಯ ನಂಗೂ ಗೊತ್ತಿಲ್ಲ, ಯಾರಾದ್ರೂ ಹೇಳಿದ್ರೆ ಕೇಳೋಣ.

ಮೇಷ್ಟ್ರು_ಸರಸ್ವತಿಪುರಂ

ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದು ಬಹಳ ಒಳ್ಳೆಯದಾಯಿತು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಉತ್ತರ ಹೇಳಲಾಗದು. ಮೊದಲು ಹಾಲಿನ ವಿಷಯ ಹೇಳುತ್ತೇನೆ.

ಆ ಹಾಲು ಗಿಡದ ಕಾವಲು. ಜಪಾನಿನ ಕೊತಾರೊ ಕೊನ್ನೊ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದೆ. ಹರಳು ಸೊಪ್ಪು ತಿಂದು ಬದುಕುವ ಎರಿ ರೇಷ್ಮೆ ಹುಳಕ್ಕೂ ಕೋಸು ತಿನ್ನುವ ಇನ್ನೊಂದು ಹುಳಕ್ಕೂ ಅವರು ಹಿಪ್ಪುನೇರಳೆ ಸೊಪ್ಪು ಕೊಟ್ಟರು. ಎರಡಕ್ಕೂ ಅದು ವಿಷವಾಯಿತು. ಆಮೇಲೆ ಅದೇ ಸೊಪ್ಪಿನಿಂದ ಹಾಲನ್ನು ತೆಗೆದು ಕೊಟ್ಟರು, ವಿಷದ ಪರಿಣಾಮ ಕಾಣಲಿಲ್ಲ. ವಿಷ ಇದ್ದದ್ದು ಹಾಲಿನಲ್ಲಿ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಹಾಲಿನಲ್ಲಿ ಏನಿದೆ ಎಂದು ನೋಡಿದರೆ, ಸಕ್ಕರೆಯ ವೇಷ ಹಾಕಿದ ರಾಸಾಯನಿಕಗಳು. ಡಿಎನ್‌ಜೆ ಅವುಗಳಲ್ಲಿ ಮುಖ್ಯವಾದ ಒಂದು. ಕೆಲವು ತಳಿಗಳ ಹಾಲಿನಲ್ಲಿ ಇಂಥವು ಶೇ 1.5ರಿಂದ 2.5ರಷ್ಟು ಇದ್ದವು. ಇಡೀ ಎಲೆಯನ್ನು ಅರೆದು ಅಳೆದಾಗ ಹಿಂದೆ ಸಿಕ್ಕಿದ್ದ ಪ್ರಮಾಣಕ್ಕಿಂತ ಇದು ಸುಮಾರು 100 ಪಟ್ಟು ಜಾಸ್ತಿ. ಕಚ್ಚಿದ ಜಾಗಕ್ಕೇ ಹಾಲು ನುಗ್ಗಿ ಬರುವುದರಿಂದ, ಕಚ್ಚಿದವನ ಬಾಯಿಗೇ ಗಟ್ಟಿ ವಿಷ ಬೀಳುತ್ತದೆ.

ಹುಳದ ಹೊಟ್ಟೆಯಲ್ಲಿ ಆಗುವುದು ಇಷ್ಟು. ಸೊಪ್ಪಿನ ಸಕ್ಕರೆ ಅಂದರೆ ಸುಕ್ರೋಸ್, ನಮ್ಮ ಮಂಡ್ಯದ ಕಬ್ಬಿನಲ್ಲಿರುವುದೇ. ಅದರಲ್ಲಿ ಗ್ಲೂಕೋಸ್ ಒಂದು ತುದಿ, ಫ್ರಕ್ಟೋಸ್ ಇನ್ನೊಂದು ತುದಿ. ಎರಡನ್ನೂ ಬಿಡಿಸಿದರೆ ಮಾತ್ರ ಮೈಗೆ ಹತ್ತುತ್ತದೆ. ಸಾಮಾನ್ಯವಾಗಿ ಹುಳಗಳ ಕಿಣ್ವ ಗ್ಲೂಕೋಸಿನ ತುದಿ ಹಿಡಿದು ಕತ್ತರಿಸುತ್ತದೆ. ಡಿಎನ್‌ಜೆ ಗ್ಲೂಕೋಸಿನಂತೆಯೇ ಕಾಣುವುದರಿಂದ ಹೋಗಿ ಆ ಕಿಣ್ವದೊಳಗೆ ಸಿಕ್ಕಿಕೊಳ್ಳುತ್ತದೆ. ಕಿಣ್ವ ಕೆಲಸ ನಿಲ್ಲಿಸುತ್ತದೆ. ಹೊಟ್ಟೆ ತುಂಬ ಸೊಪ್ಪಿದ್ದರೂ ಹುಳಕ್ಕೆ ಅದರ ಸಕ್ಕರೆ ದಕ್ಕುವುದಿಲ್ಲ.

ಗದ್ದೆಬದು_ಪಾಂಡವಪುರ

ಮೇಷ್ಟ್ರೇ, ಒಂದು ಮಾತು. ಬೇರೆ ಹುಳಕ್ಕೆ ವಿಷ ಅಂತೀರಿ. ನಮ್ಮ ಭಾವನ ತೋಟದಲ್ಲಿ ಎಲೆ ಸುರುಳಿ ಹುಳ ಬಂದು ಕುಡಿನೆಲ್ಲ ಮುದುರಿ ಹಾಕ್ಬುಟ್ಟಿತ್ತು. ಕಂಬಳಿ ಹುಳನೂ ಬರ್ತದೆ. ಹಿಟ್ಟು ತಿಗಣೆ ಬಂದ್ರಂತೂ ಮುಟುರು ರೋಗ, ಕುಡಿ ಗಂಟುಗಂಟಾಗಿ ಹೋಗ್ತದೆ. ಅವಕ್ಕೆ ಯಾಕೆ ಈ ವಿಷ ತಟ್ಟಲ್ಲ?

ಸೊಪ್ಪಿನಕಡ್ಡಿ

ಅಣ್ಣ ಕೇಳಿದ್ದು ನ್ಯಾಯವಾದ ಪ್ರಶ್ನೆ. ಹಳ್ಳಿ ಹಳ್ಳಿ ಸುತ್ತಿ ರೇಷ್ಮೆ ಬೆಳೆಗಾರರ ಜೊತೆ ಕೆಲಸ ಮಾಡುವವಳು ನಾನು, ಇದನ್ನೇ ಎಷ್ಟೋ ಜನ ಕೇಳಿದ್ದಾರೆ.

ಹಾಲಿನ ಕಾವಲು ಎಲ್ಲರನ್ನೂ ತಡೆಯಲ್ಲ, ಬಹಳ ಜನರನ್ನು ತಡೆಯುತ್ತೆ. ಹಿಟ್ಟು ತಿಗಣೆ ಎಲೆ ಅಗಿಯೋದೇ ಇಲ್ಲ, ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುತ್ತೆ. ಹಾಲು ಹರಿಯೋ ನಾಳ ಬೇರೆ, ಗಿಡದ ರಸ ಹರಿಯೋ ನಾಳ ಬೇರೆ. ಅಗಿದು ತಿನ್ನೋ ಹುಳಗಳಲ್ಲೂ ಒಂದೊಂದು ವಂಶ ಒಂದೊಂದು ದಾರಿ ಹಿಡಿದಿದೆ. ಗಿಡವೂ ಸುಮ್ಮನಿಲ್ಲ, ಹುಳವೂ ಸುಮ್ಮನಿಲ್ಲ.

ಕಂಬಳಿ ಹುಳದ ಮೊಟ್ಟೆ ಗುಂಪು ಎಲೆಯ ಕೆಳಗೇ ಇರುತ್ತೆ. ಕಂಡ ತಕ್ಷಣ ಆ ಎಲೆ ಕಿತ್ತು ಸುಟ್ಟುಬಿಡಿ, ಔಷಧಿ ಹೊಡೆಯೋಕೆ ಹೋಗಬೇಡಿ. ಆ ಸೊಪ್ಪೇ ನಾಳೆ ಹುಳಕ್ಕೆ ಹೋಗಬೇಕಲ್ಲ.

ಹಕ್ಕಿಗಣ್ಣು_ಕುಕ್ಕರಹಳ್ಳಿ

ಸೊಪ್ಪಿನಕಡ್ಡಿ ಮೇಡಂ ಹೇಳಿದ "ಒಂದೊಂದು ವಂಶ ಒಂದೊಂದು ದಾರಿ" ಅನ್ನೋದನ್ನ ಎಕ್ಕದ ಗಿಡದಲ್ಲಿ ಕಣ್ಣಾರೆ ನೋಡಬಹುದು. ಮೈಸೂರಲ್ಲಿ ಖಾಲಿ ಸೈಟು ಇದ್ದ ಕಡೆಯೆಲ್ಲ ಎಕ್ಕ ಇರುತ್ತೆ. ಅದರ ಹಾಲು ಕಣ್ಣಿಗೆ ಬಿದ್ದರೆ ಕಥೆ ಮುಗೀತು, ಮಕ್ಕಳನ್ನ ಮುಟ್ಟಕ್ಕೆ ಬಿಡಬೇಡಿ. ಅಂಥ ಗಿಡದ ಮೇಲೆ ಬಿಳಿ, ಕಪ್ಪು, ಹಳದಿ ಪಟ್ಟೆಯ ಒಂದು ಹುಳ ಆರಾಮಾಗಿ ಕೂತಿರುತ್ತೆ. ಕಿತ್ತಳೆ ಬಣ್ಣದ, ರೆಕ್ಕೆ ತುದಿ ಕಪ್ಪಗಿರೋ ಚಿಟ್ಟೆ ನೋಡಿದ್ದೀರಲ್ಲ, ಅದರ ಮರಿ. ಸ್ವಲ್ಪ ಹೊತ್ತು ತಾಳ್ಮೆಯಿಂದ ನೋಡಿ. ಮೊದಲು ಎಲೆಯಲ್ಲಿ ಒಂದು ಗುಂಡಿ ಕೊರೆದು, ಅಥವಾ ನಡುನರವನ್ನೇ ಕಡಿದು ಹಾಲು ಬರೋ ದಾರಿ ಮುರಿಯುತ್ತೆ. ಹಾಲು ಬಸಿದು ಹೋದ ಮೇಲೆ ಅದರ ಮುಂದಿನ ಭಾಗವನ್ನ ತಿನ್ನುತ್ತೆ.

ಇದು ಬಾಯಿ ಕೆಲಸ. ಮೈಯೊಳಗೂ ಒಂದು ಕೆಲಸ ನಡೆದಿದೆ. ಎಕ್ಕದ ಬಳಗದ ವಿಷ ಪ್ರಾಣಿಗಳ ಜೀವಕೋಶದಲ್ಲಿ ಸೋಡಿಯಂ, ಪೊಟಾಸಿಯಂ ಅದಲುಬದಲು ಮಾಡೋ ಪಂಪಿಗೆ ಹೋಗಿ ಕಚ್ಚಿಕೊಳ್ಳುತ್ತೆ. ಈ ಚಿಟ್ಟೆಯ ಅಮೆರಿಕದ ನೆಂಟ ಮೊನಾರ್ಕ್‌ನಲ್ಲಿ ಆ ಪಂಪಿನ ಪ್ರೋಟೀನು ಕೆಲವೇ ಜಾಗದಲ್ಲಿ ಬದಲಾಗಿದೆ, ವಿಷಕ್ಕೆ ಹಿಡಿತ ಸಿಗಲ್ಲ. ವಿಜ್ಞಾನಿಗಳು 2019ರಲ್ಲಿ ಅದೇ ಬದಲಾವಣೆಗಳನ್ನ ಹಣ್ಣಿನ ನೊಣದ ಜೀನಿಗೆ ಹಾಕಿ ನೋಡಿದರು. ನೊಣವೂ ಆ ವಿಷ ತಡೆದುಕೊಂಡಿತು. ಚಿಟ್ಟೆಗೂ ಸಂಬಂಧ ಇಲ್ಲ, ಒಂದಕ್ಕೊಂದೂ ಸಂಬಂಧ ಇಲ್ಲದ ಜೀರುಂಡೆ, ತಿಗಣೆಗಳಲ್ಲೂ ಅದೇ ಪ್ರೋಟೀನಿನ ಅದೇ ಜಾಗಗಳಲ್ಲಿ ಬದಲಾವಣೆ ಸಿಕ್ಕಿದೆ, ಬೇರೆ ಬೇರೆಯಾಗಿ ಆದದ್ದು. ನನಗೆ ವಿಕಾಸದ ಬಗ್ಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕು ಅನ್ನಿಸಿಲ್ಲ.

ಚಾಕಿಮನೆ_ಮಳವಳ್ಳಿ

ಅಂದ್ರೆ ನಮ್ಮ ಹುಳ ಯಾವ ದಾರಿ ಹಿಡೀತು? ಅದು ಎಲೆ ಕತ್ತರಿಸಿ ಹಾಲು ಬಸಿಯೋದು ನಾನಂತೂ ಕಂಡಿಲ್ಲ. ಅಂಚಿಂದ ಒಂದೇ ಸಮ ಮೇಯ್ತದೆ.

ಮೇಷ್ಟ್ರು_ಸರಸ್ವತಿಪುರಂ

ಸರಿಯಾಗಿ ಗಮನಿಸಿದ್ದೀರಿ. ರೇಷ್ಮೆ ಹುಳ ಹಾಲನ್ನು ತಪ್ಪಿಸುವುದಿಲ್ಲ, ಹಾಲಿನ ಸಮೇತ ನುಂಗುತ್ತದೆ. ಅದರ ಉಪಾಯ ಹೊಟ್ಟೆಯೊಳಗಿದೆ.

ಆಗಲೇ ಹೇಳಿದೆನಲ್ಲ, ಸುಕ್ರೋಸಿಗೆ ಎರಡು ತುದಿ. ಗ್ಲೂಕೋಸಿನ ಕಡೆಯಿಂದ ಕತ್ತರಿಸುವ ಕಿಣ್ವಕ್ಕೆ ಡಿಎನ್‌ಜೆ ಅಡ್ಡ ಬರುತ್ತದೆ. ರೇಷ್ಮೆ ಹುಳದಲ್ಲಿ ಫ್ರಕ್ಟೋಸಿನ ಕಡೆಯಿಂದ ಕತ್ತರಿಸುವ ಕಿಣ್ವವೊಂದಿದೆ. ಗ್ಲೂಕೋಸಿನ ವೇಷದವನು ಆ ಬಾಗಿಲಿಗೆ ಹೊಂದುವುದೇ ಇಲ್ಲ. ಹೀಗಾಗಿ ವಿಷ ಹೊಟ್ಟೆಯಲ್ಲಿದ್ದರೂ ಸಕ್ಕರೆ ಅರಗುತ್ತದೆ.

ಈ ಕಿಣ್ವ ಗಿಡಗಳಲ್ಲಿ, ಯೀಸ್ಟಿನಲ್ಲಿ, ಬ್ಯಾಕ್ಟೀರಿಯಾಗಳಲ್ಲಿ ಇರುವಂಥದ್ದು. ಪ್ರಾಣಿಗಳಲ್ಲಿ ಇಲ್ಲವೆಂದೇ ಎಲ್ಲರೂ ತಿಳಿದಿದ್ದರು. 2008ರಲ್ಲಿ ಜಪಾನಿನ ತಂಡವೊಂದು ರೇಷ್ಮೆ ಹುಳದ ಸ್ವಂತ ವರ್ಣತಂತುವಿನ ಮೇಲೆಯೇ ಅದರ ಜೀನನ್ನು ಪತ್ತೆ ಮಾಡಿತು. ವಂಶಾವಳಿ ಹಾಕಿ ನೋಡಿದರೆ ಆ ಜೀನಿನ ಹತ್ತಿರದ ನೆಂಟರು ಬ್ಯಾಕ್ಟೀರಿಯಾಗಳು. ಎಂದೋ ಒಂದು ಕಾಲಕ್ಕೆ ಬ್ಯಾಕ್ಟೀರಿಯಾದ ಜೀನೊಂದು ಹುಳದ ಪೂರ್ವಿಕರ ಮೈಗೆ ಸೇರಿ, ಅಲ್ಲಿಂದ ಮುಂದೆ ತಾಯಿಯಿಂದ ಮಗಳಿಗೆ ಎಂಬಂತೆ ಇಳಿದು ಬಂದಿದೆ.

ಮಳವಳ್ಳಿಯ ತಟ್ಟೆಯಲ್ಲಿ ಈಗ ಮೇಯುತ್ತಿರುವ ಹುಳದ ಕರುಳಿನಲ್ಲಿ ಬ್ಯಾಕ್ಟೀರಿಯಾದಿಂದ ಬಂದ ಆಸ್ತಿಯೊಂದು ಪ್ರತಿದಿನ ಕೆಲಸ ಮಾಡುತ್ತಿದೆ. ನಲವತ್ತು ವರ್ಷ ಪಾಠ ಹೇಳಿದವನಿಗೂ ಇದನ್ನು ಬರೆಯುವಾಗ ರೋಮಾಂಚನವಾಗುತ್ತದೆ.

ಪಿಯುಸಿ_ಹುಡುಗಿ_ಮದ್ದೂರು

ನಮಸ್ತೆ ಸರ್. ನಾನು ದ್ವಿತೀಯ ಪಿಯುಸಿ, ವಿಜ್ಞಾನ. ವಿಕಾಸ ಅಂದರೆ ಅಪ್ಪ ಅಮ್ಮನಿಂದ ಬಂದ ಗುಣದಲ್ಲಿ ಸಣ್ಣ ಸಣ್ಣ ಬದಲಾವಣೆ ಆಗಿ ಆಗಿ ಅಂತ ಓದಿದ್ದೀವಿ. ಬ್ಯಾಕ್ಟೀರಿಯಾದಿಂದ ಪತಂಗಕ್ಕೆ ಜೀನ್ ಬಂದರೆ ಅದು ಆ ನಿಯಮಕ್ಕೆ ಹೊರಗಾಯಿತಲ್ಲವಾ? ಮತ್ತೆ ಹುಳಕ್ಕೆ ಹಿಪ್ಪುನೇರಳೆ ತಿನ್ನಬೇಕಿತ್ತು, ಅದಕ್ಕೇ ಆ ಜೀನ್ ತಗೊಂಡಿತು ಅಂತ ಬರೆಯಬಹುದಾ? ಸೆಮಿನಾರಿಗೆ ಬೇಕು.

ಮೇಷ್ಟ್ರು_ಸರಸ್ವತಿಪುರಂ

ಮಗು, ಎರಡನೆಯದನ್ನು ಮಾತ್ರ ಹಾಗೆ ಬರೆಯಬೇಡ. ಬೇಕಿತ್ತು ಎಂಬ ಕಾರಣಕ್ಕೆ ಯಾವ ಜೀವಿಗೂ ಯಾವ ಜೀನೂ ಬಂದಿಲ್ಲ.

ನಡೆದ ಕ್ರಮ ತಿರುವುಮುರುವಾಗಿದೆ. ಆ ಜೀನಿನ ನೆಂಟರು ಹಿಪ್ಪುನೇರಳೆಯನ್ನು ಮೂಸಿಯೂ ನೋಡದ ಬೇರೆ ಎಷ್ಟೋ ಪತಂಗ, ಚಿಟ್ಟೆಗಳಲ್ಲೂ ಇದ್ದಾರೆ. ಅಂದರೆ ಜೀನು ಬಂದದ್ದು ಬಹಳ ಹಿಂದೆ, ಅವೆಲ್ಲದರ ಪೂರ್ವಿಕರ ಕಾಲಕ್ಕೆ. ಆಗ ಹಿಪ್ಪುನೇರಳೆಯ ಮಾತೇ ಇರಲಿಲ್ಲ. ಸಕ್ಕರೆ ಅರಗಿಸಲು ಅಷ್ಟಿಷ್ಟು ಸಹಾಯ ಮಾಡಿಕೊಂಡು ಅದು ಉಳಿದುಕೊಂಡು ಬಂತು. ಮುಂದೆ ಯಾವುದೋ ಒಂದು ಕವಲು ಹಿಪ್ಪುನೇರಳೆಯ ಬಳಗದ ಮರಗಳ ಮೇಲೆ ಬದುಕತೊಡಗಿದಾಗ, ಮೊದಲೇ ಇದ್ದ ಈ ಸಾಮಾನು ಹೊಸ ಕೆಲಸಕ್ಕೆ ಒದಗಿತು. ಯಾವ ಹುಳದಲ್ಲಿ ಅದು ಜೋರಾಗಿ ಕೆಲಸ ಮಾಡಿತೋ ಆ ಹುಳಕ್ಕೆ ಮರಿಗಳು ಹೆಚ್ಚಾದವು. ಆಯ್ಕೆ ಎಂದರೆ ಇಷ್ಟೇ.

ಮೊದಲ ಪ್ರಶ್ನೆಗೆ ಉತ್ತರ: ಜೀನು ಹೊರಗಿನಿಂದ ಬಂದರೂ, ತನ್ನೊಳಗೇ ಬದಲಾದರೂ, ಮುಂದಿನ ಪರೀಕ್ಷೆ ಒಂದೇ. ಮೊಟ್ಟೆಗೆ ದಾಟಬೇಕು, ಮರಿಗೆ ಉಪಕಾರವಾಗಬೇಕು, ತಲೆಮಾರುಗಳಲ್ಲಿ ಹರಡಬೇಕು. ಹೀಗೆ ಅಡ್ಡಡ್ಡಲಾಗಿ ಜೀನು ದಾಟುವುದು ಬ್ಯಾಕ್ಟೀರಿಯಾಗಳ ನಡುವೆ ದಿನನಿತ್ಯದ ಸಂಗತಿ, ಔಷಧಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವುದರಲ್ಲಿ ಅದರ ಪಾಲು ದೊಡ್ಡದು. ಪ್ರಾಣಿಗಳಲ್ಲಿ ಅಪರೂಪ, ಆದರೆ ಆಗಿದೆ.

ಗದ್ದೆಬದು_ಪಾಂಡವಪುರ

ಯಾರೂ ಹೇಳಿಕೊಡದೆ, ಯಾರೂ ಅಂದುಕೊಳ್ಳದೆ ಇಷ್ಟೆಲ್ಲ ಅಚ್ಚುಕಟ್ಟಾಗಿ ಆಗ್ತದೆ ಅನ್ನೋದನ್ನ ಒಪ್ಪಕ್ಕೆ ನಂಗೆ ಕಷ್ಟ ಮೇಷ್ಟ್ರೇ. ನಿಮ್ಮ ಮಾತು ತೆಗೆದುಹಾಕ್ತಿಲ್ಲ. ಕೇಳ್ತಾ ಇದೀನಿ.

ಮೇಷ್ಟ್ರು_ಸರಸ್ವತಿಪುರಂ

ಕೇಳಿ, ಕೇಳಿದ್ದು ಸಂತೋಷ. ನಂಬಿಕೆಯ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ಅಚ್ಚುಕಟ್ಟು ಎಂಬ ಮಾತಿಗೆ ಮಾತ್ರ ಒಂದು ತಕರಾರು. ಉಳಿದುಕೊಂಡದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಹಾಲು ಕುಡಿದು ಸತ್ತ ಹುಳಗಳ ವಂಶ ಇವತ್ತು ತೋರಿಸಲು ಇಲ್ಲ. ಲೆಕ್ಕಕ್ಕೆ ಅವನ್ನೂ ಸೇರಿಸಿಕೊಂಡರೆ ಅಚ್ಚುಕಟ್ಟಿಗಿಂತ ನಷ್ಟವೇ ದೊಡ್ಡದಾಗಿ ಕಾಣುತ್ತದೆ.

ಸೊಪ್ಪಿನಕಡ್ಡಿ

ಮಳವಳ್ಳಿ ಅಣ್ಣನ ಮೊದಲ ಪ್ರಶ್ನೆ ಹಾಗೇ ಉಳೀತು: ಹಸಿದರೂ ಬೇರೆ ಸೊಪ್ಪು ಯಾಕೆ ತಿನ್ನಲ್ಲ? ಇದು ಹೊಟ್ಟೆಯ ವಿಷಯ ಅಲ್ಲ, ರುಚಿಯ ವಿಷಯ.

ಹುಳದ ಬಾಯಿ ಪಕ್ಕ ರುಚಿ ನೋಡೋ ಸಣ್ಣ ಅಂಗಗಳಿವೆ. ಹಿಪ್ಪುನೇರಳೆಯ ವಾಸನೆ ಅದನ್ನ ಕರೆಯುತ್ತೆ, ಕಚ್ಚಿದ ಮೇಲೆ ಸಿಗೋ ಕೆಲವು ಅಂಶ "ತಿನ್ನು" ಅನ್ನುತ್ತೆ. ಬೇರೆ ಸೊಪ್ಪು ಕಚ್ಚಿದರೆ "ಬೇಡ" ಅನ್ನೋ ಸೂಚನೆ ಬರುತ್ತೆ. 2019ರಲ್ಲಿ ಚೀನಾದ ವಿಜ್ಞಾನಿಗಳು ಕ್ರಿಸ್ಪರ್ (ಬೇಕಾದ ಜೀನನ್ನೇ ಹುಡುಕಿ ಕತ್ತರಿಸೋ) ವಿಧಾನದಿಂದ ಜಿಆರ್66 ಅನ್ನೋ ಒಂದೇ ಒಂದು ರುಚಿ ಜೀನ್ ಕೆಡಿಸಿದರು. ಕಹಿ ಗುರುತಿಸೋ ಬಳಗಕ್ಕೆ ಸೇರಿದ ಜೀನ್ ಅದು ಅಂತ ಲೆಕ್ಕ. ಅದು ಕೆಟ್ಟ ಹುಳಗಳು ಸೇಬು, ಪಿಯರ್, ಸೋಯಾ, ಜೋಳ ಎಲ್ಲವನ್ನೂ ತಿಂದವು! ಮಾಮೂಲಿ ಹುಳ ಇವನ್ನ ಮುಟ್ಟೋದೇ ಇಲ್ಲ. ಅಂದರೆ ಆ ಹುಳಕ್ಕೆ ಬೇರೆ ಆಹಾರ ನುಂಗೋ ಶಕ್ತಿ ಇತ್ತು, ಬಾಯಿಯೇ ಒಪ್ತಿರಲಿಲ್ಲ. ತಿಂದದ್ದೆಲ್ಲ ಮೈಗೆ ಹತ್ತಿ ಒಳ್ಳೆ ಗೂಡು ಕಟ್ಟುತ್ತೆ ಅಂತ ಇದರ ಅರ್ಥ ಅಲ್ಲ, ಅದನ್ನೂ ಹೇಳಿಬಿಡ್ತೀನಿ.

ಸೊಪ್ಪಿನ ಕೊರತೆಗೆ ಇವತ್ತಿನ ಮಟ್ಟಿಗೆ ದಾರಿ ಅಂದರೆ ಮರಗಡ್ಡಿ. ಹತ್ತು ಅಡಿ ಅಂತರದಲ್ಲಿ ಮರವಾಗಿ ಬೆಳೆಸಿದರೆ ಬೇರು ಆಳಕ್ಕೆ ಹೋಗುತ್ತೆ, ಸಾಲು ಕಡ್ಡಿಗಿಂತ ಕಮ್ಮಿ ನೀರಲ್ಲಿ ಬೇಸಿಗೆ ತಡೆಯುತ್ತೆ. ಬದುವಿನ ಮೇಲಾದರೂ ನಾಲ್ಕು ಮರ ಹಾಕಿ ಅಣ್ಣ.

ಚಾಕಿಮನೆ_ಮಳವಳ್ಳಿ

ತುಂಬ ಉಪಕಾರ ಆಯ್ತು ಅಕ್ಕ. ಮುಂಗಾರು ಹಿಡಿದ ಮೇಲೆ ಮರಗಡ್ಡಿ ನೋಡ್ತೀನಿ. ಇನ್ನೊಂದು ಕೇಳ್ಬಿಡ್ತೀನಿ. ಗೂಡಿಂದ ಹೊರಗೆ ಬರೋ ಚಿಟ್ಟೆಗೆ ರೆಕ್ಕೆ ಐತೆ, ಹಾರಲ್ಲ. ತಿನ್ನೋದೂ ಇಲ್ಲ. ಪಟಪಟ ಅಂತ ರೆಕ್ಕೆ ಬಡ್ಕಂಡು ಅಲ್ಲಲ್ಲೇ ಸುತ್ತುತ್ತೆ. ಇದು ಮೊದಲಿಂದ್ಲೂ ಹಿಂಗೇನಾ?

ಮೇಷ್ಟ್ರು_ಸರಸ್ವತಿಪುರಂ

ಮೊದಲು ಹೀಗಿರಲಿಲ್ಲ. ಇದರ ಕಾಡು ನೆಂಟ ಇವತ್ತಿಗೂ ಚೀನಾ, ಕೊರಿಯಾ, ಜಪಾನಿನಲ್ಲಿ ಹಿಪ್ಪುನೇರಳೆ ಮರದ ಮೇಲೆ ಬದುಕಿದೆ. ಬಾಂಬಿಕ್ಸ್ ಮ್ಯಾಂಡರಿನಾ ಎಂದು ಹೆಸರು. ಕಂದು ಬಣ್ಣ, ಚೆನ್ನಾಗಿ ಹಾರುತ್ತದೆ. ಚೀನಾದಲ್ಲಿ ಸುಮಾರು 5,000 ವರ್ಷ ಜನ ಅದನ್ನು ಮನೆಯೊಳಗೆ ಸಾಕಿ, ದೊಡ್ಡ ಗೂಡು ಕಟ್ಟಿದ್ದನ್ನು, ತಟ್ಟೆ ಬಿಟ್ಟು ಓಡಿಹೋಗದ್ದನ್ನು ಬೀಜಕ್ಕೆ ಉಳಿಸಿಕೊಂಡರು. ಹಾರಲಾಗದ ಚಿಟ್ಟೆಗೆ ಕಾಡಿನಲ್ಲಿ ಸಾವು ಖಂಡಿತ, ರೇಷ್ಮೆ ಮನೆಯಲ್ಲಿ ನಷ್ಟವೇನಿಲ್ಲ. ಹಾರಲು ಬೇಕಾದ ಕಸುವು ತಲೆಮಾರುಗಳಲ್ಲಿ ಕರಗಿಹೋಯಿತು.

ಗಂಡಿನ ಮೀಸೆಯ ಸೂಕ್ಷ್ಮ ಮಾತ್ರ ಹಾಗೇ ಉಳಿದಿದೆ. ಹೆಣ್ಣು ಬಿಡುವ ವಾಸನೆಯ ಹೆಸರು ಬಾಂಬಿಕಾಲ್. 1959ರಲ್ಲಿ ಜರ್ಮನಿಯ ಬುಟೆನಾಂಟ್ ಅದನ್ನು ಬೇರ್ಪಡಿಸಿ ಗುರುತಿಸಿದರು. ಲೋಕದಲ್ಲಿ ಮೊಟ್ಟಮೊದಲು ರಾಸಾಯನಿಕವಾಗಿ ಗುರುತು ಸಿಕ್ಕ ಫೆರೊಮೋನ್, ಅಂದರೆ ಒಂದು ಜೀವಿ ತನ್ನ ಜಾತಿಯ ಇನ್ನೊಂದಕ್ಕೆ ಸೂಚನೆ ಕೊಡಲು ಬಿಡುವ ರಾಸಾಯನಿಕ, ಅದೇ. ಗಂಡು ರೆಕ್ಕೆ ಬಡಿಯುವುದು ಈ ವಾಸನೆ ಸಿಕ್ಕಾಗ. ಹಾರಲಾಗದಿದ್ದರೂ ಬಡಿತದಿಂದ ಗಾಳಿ ಮೀಸೆಯ ಕಡೆಗೆ ಎಳೆದುಕೊಳ್ಳುತ್ತದೆ.

ನಮ್ಮ ಮೈಸೂರು ತಳಿಯ ಗೂಡನ್ನು ಕೈಯಲ್ಲಿ ಹಿಡಿದು ನೋಡಿ. ತುದಿ ಚೂಪು, ಬಣ್ಣ ಹಸಿರು ಬೆರೆತ ಹಳದಿ. ಆ ಬಣ್ಣ ಸೊಪ್ಪಿನದೇ. ಸೊಪ್ಪಿನ ವರ್ಣದ್ರವ್ಯ ಕರುಳಿನ ಗೋಡೆ ದಾಟಿ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ಸಾಗುತ್ತದೆ. ಬಿಳಿ ಗೂಡು ಕಟ್ಟುವ ಅನೇಕ ತಳಿಗಳಲ್ಲಿ ಹಳದಿ ಬಣ್ಣವನ್ನು ಹೊತ್ತು ದಾಟಿಸುವ ಪ್ರೋಟೀನಿನ ಜೀನು ಕೆಟ್ಟಿದೆ. ಬಣ್ಣ ಕರುಳಿನಲ್ಲೇ ನಿಂತು ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಜೀನು ಕೆಟ್ಟದ್ದೇ ಅಲ್ಲಿ ಮನುಷ್ಯನಿಗೆ ಬೇಕಾಯಿತು.

ಔಷಧಿ_ಅಂಗಡಿ_ಅಗ್ರಹಾರ

ಮೇಲೆ ಡಿಎನ್‌ಜೆ ಎಂದು ಓದಿದಾಗ ಕಿವಿ ನೆಟ್ಟಗಾಯಿತು. ಸಕ್ಕರೆ ಕಾಯಿಲೆಗೆ ಕೊಡುವ ಮಿಗ್ಲಿಟಾಲ್ ಎಂಬ ಮಾತ್ರೆ ಇದೇ ಡಿಎನ್‌ಜೆಯ ಮಾದರಿಯಲ್ಲಿ ಮಾಡಿದ್ದು. ಊಟದ ಪಿಷ್ಟ, ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನು ಅದು ನಿಧಾನ ಮಾಡುತ್ತದೆ, ಊಟವಾದ ಮೇಲೆ ರಕ್ತದ ಸಕ್ಕರೆ ದಿಢೀರ್ ಏರುವುದಿಲ್ಲ. ಹುಳವನ್ನು ಕೊಲ್ಲುವ ಉಪಾಯವೇ ನಮಗೆ ಔಷಧಿಯಾಗಿದೆ. ಹಾಗಂತ ಯಾರೂ ಹಿಪ್ಪುನೇರಳೆ ಸೊಪ್ಪು ಕಿತ್ತು ಕಷಾಯ ಕುಡಿದು ಮಾತ್ರೆ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳದೆ ಏನೂ ಮಾಡಬೇಡಿ, ಕೈಮುಗಿದು ಹೇಳುತ್ತೇನೆ.

ಗದ್ದೆಬದು_ಪಾಂಡವಪುರ

ಹಾಲು ಬರೋ ಮರ ಅಂದ್ರೆ ಅತ್ತಿ, ಆಲ, ಅರಳಿ, ಹಲಸು ಎಲ್ಲ ಐತಲ್ಲ. ಅವೂ ಹಿಪ್ಪುನೇರಳೆ ನೆಂಟರಾ? ನಮ್ಮ ಹೊಲದ ಬದೂನಲ್ಲಿ ದೊಡ್ಡ ಅತ್ತಿಮರ ಐತೆ, ಹಣ್ಣು ಒಡೆದ್ರೆ ಬರೀ ಹುಳ. ನೆರಳು ಬೀಳ್ತದೆ, ಹಣ್ಣಾದ್ರೂ ತಿನ್ನಕ್ಕೆ ಬರಲ್ಲ, ಕಡಿಸಿಬಿಡಾನ ಅಂತ ಮಗ ಹೇಳ್ತಾವ್ನೆ.

ಹಕ್ಕಿಗಣ್ಣು_ಕುಕ್ಕರಹಳ್ಳಿ

ಅಣ್ಣಾ, ದಯವಿಟ್ಟು ಕಡಿಸಬೇಡಿ. ನೀವು ಹೇಳಿದ್ದೆಲ್ಲ ಒಂದೇ ಮನೆತನ. ಹಿಪ್ಪುನೇರಳೆ, ಅತ್ತಿ, ಆಲ, ಅರಳಿ, ಬಸರಿ, ಹಲಸು, ಹೆಬ್ಬಲಸು ಎಲ್ಲವೂ ಮೊರೇಸಿ ಕುಟುಂಬ, ಎಲ್ಲದರಲ್ಲೂ ಹಾಲು. ಹಾಲಿನ ಮದ್ದು ಮಾತ್ರ ಬೇರೆ ಬೇರೆ. ಅತ್ತಿ ಬಳಗದ ಹಾಲಲ್ಲಿ ಪ್ರೋಟೀನ್ ಕರಗಿಸೋ ಕಿಣ್ವ ಇರುತ್ತೆ, ಪರಂಗಿ ಹಾಲಲ್ಲಿ ಇರೋ ತರ.

ಈಗ ಆ ಹುಳದ ವಿಷಯ. ಮರದಲ್ಲಿ ಇನ್ನೂ ಗಟ್ಟಿ ಇರೋ, ಆಗ ತಾನೇ ಬಣ್ಣ ತಿರುಗೋ ಕಾಯಿ ಒಂದನ್ನ ಕಿತ್ತು ಬ್ಲೇಡಿನಲ್ಲಿ ಎರಡು ಹೋಳು ಮಾಡಿ, ಭೂತಕನ್ನಡಿ ಹಿಡಿದು ನೋಡಿ. ಒಳಗೋಡೆಯ ತುಂಬ ಒತ್ತೊತ್ತಾಗಿ ಇರೋ ಕಾಳುಗಳೆಲ್ಲ ಒಂದೊಂದು ಹೂ. ಅತ್ತಿ ಹೂ ಕಣ್ಣಿಗೆ ಬೀಳಲ್ಲ ಅಂತಾರಲ್ಲ, ನೂರಾರು ಹೂ ಒಳಗೇ ಅರಳಿರುತ್ತವೆ. ಕೆಲವು ಕಾಳು ಉಬ್ಬಿ ಟೊಳ್ಳಾಗಿರುತ್ತೆ, ಅದರೊಳಗೆ ಕಣಜ. ರೆಕ್ಕೆ ಇಲ್ಲದ, ಜೇನು ಬಣ್ಣದ, ಮೆತ್ತಗೆ ತೆವಳೋದು ಗಂಡು. ಕಪ್ಪಗೆ, ರೆಕ್ಕೆ ಮಡಚಿಕೊಂಡಿರೋದು ಹೆಣ್ಣು. ಗಂಡು ಮೊದಲು ಹೊರಗೆ ಬಂದು, ಹೆಣ್ಣು ಇನ್ನೂ ಕಾಳಿನೊಳಗೆ ಇರುವಾಗಲೇ ತೂತು ಕೊರೆದು ಕೂಡುತ್ತೆ. ಆಮೇಲೆ ಗಂಡುಗಳೆಲ್ಲ ಸೇರಿ ಕಾಯಿಯ ಗೋಡೆ ಕೊರೆದು ದಾರಿ ಮಾಡುತ್ತವೆ. ಅಷ್ಟಕ್ಕೇ ಅವುಗಳ ಆಯಸ್ಸು ಮುಗೀತು. ಹೆಣ್ಣು, ಕಾಯಿಯ ಬಾಯಿ ಹತ್ತಿರ ಇರೋ ಗಂಡುಹೂವಿನ ಪರಾಗವನ್ನ ಎದೆಯ ಮೇಲಿನ ಪುಟ್ಟ ಜೇಬಿಗೆ ಕಾಲಲ್ಲಿ ತುಂಬಿಕೊಂಡು ಆ ದಾರಿಯಲ್ಲಿ ಹಾರುತ್ತೆ. ಹೊರಗೆ ಎಷ್ಟೋ ಸಲ ಕೆಂಜಿಗ ಕಾದು ಕೂತಿರುತ್ತವೆ, ಬಂದದ್ದನ್ನ ಬಂದ ಹಾಗೆ ಹಿಡಿಯುತ್ತವೆ.

ಹೆಣ್ಣಿನ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ ಎಳೆಕಾಯಿ ಬಿಟ್ಟ ಇನ್ನೊಂದು ಅತ್ತಿಮರ ಸಿಗಬೇಕು. ಅದೇ ಜಾತಿ ಅತ್ತಿಯೇ ಆಗಬೇಕು, ಆಲದ ಕಣಜ ಬೇರೆ, ಅರಳಿಯ ಕಣಜ ಬೇರೆ. ಸಿಕ್ಕಿದ ಕಾಯಿಯ ಕಿರಿದಾದ ಬಾಯಿಯಲ್ಲಿ ತೂರುವಾಗ ರೆಕ್ಕೆ ಕಿತ್ತುಹೋಗುತ್ತೆ. ಒಳಗೆ ಹೂವಿಗೆ ಪರಾಗ ಹಾಕುತ್ತೆ, ಕೆಲವು ಹೂವಿನಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತೆ. ಆಫ್ರಿಕಾದ ನಮೀಬಿಯಾದಲ್ಲಿ ಒಂದು ಜಾತಿ ಅತ್ತಿಯ ಮರಗಳ ತಂದೆ ತಾಯಿ ಯಾವುದು ಅಂತ ಡಿಎನ್‌ಎ ನೋಡಿ ಲೆಕ್ಕ ಹಾಕಿದರು. 2009ರಲ್ಲಿ ಬಂದ ವರದಿ. ಎರಡು ಮಿಲಿಮೀಟರ್ ಆಸುಪಾಸಿನ ಕಣಜ ಗಾಳಿ ಹಿಡಿದು 160 ಕಿಲೋಮೀಟರ್ ದೂರದವರೆಗೂ ಪರಾಗ ಸಾಗಿಸಿತ್ತು. ಮೈಸೂರಿಂದ ಬೆಂಗಳೂರು ದಾಟಿ ಆಚೆಗೆ!

ನಿಮ್ಮ ಮರದಲ್ಲಿ ಹುಳ ಇದೆ ಅಂದರೆ ಆ ಮರಕ್ಕೆ ಬೀಜ ಆಗ್ತಿದೆ ಅಂತ ಅರ್ಥ. ಹಣ್ಣು ಮಾಗಿ ನೆಲಕ್ಕೆ ಬಿದ್ದ ಮೇಲೆ ಬೇರೆ ನೊಣ, ಜೀರುಂಡೆಗಳ ಮರಿಯೂ ಸೇರಿಕೊಳ್ಳುತ್ತವೆ, ಅದು ಬೇರೆ. ಕಣಜದ ಆಯಸ್ಸು ಇಷ್ಟು ಕಮ್ಮಿ ಇರೋದರಿಂದ ಎಲ್ಲ ಅತ್ತಿಮರವೂ ಒಂದೇ ಕಾಲಕ್ಕೆ ಕಾಯಿ ಬಿಟ್ಟರೆ ಕಣಜದ ವಂಶವೇ ನಿಂತುಹೋಗುತ್ತೆ. ಅದಕ್ಕೇ ವರ್ಷದ ಯಾವ ತಿಂಗಳು ನೋಡಿದರೂ ಎಲ್ಲೋ ಒಂದು ಮರದಲ್ಲಿ ಹಣ್ಣು. ಬೇರೆ ಮರ ಬರಿದಾಗಿರುವಾಗ ಕುಟ್ರುಹಕ್ಕಿ, ಕೋಗಿಲೆ, ಮಂಗಟ್ಟೆ, ರಂಗನತಿಟ್ಟಿನ ಬಾವಲಿ ಎಲ್ಲಕ್ಕೂ ಅತ್ತಿ, ಆಲಗಳೇ ಗತಿ. ನಿಮ್ಮ ಬದುವಿನ ಒಂದು ಮರ ಹೋದರೆ ಸುತ್ತಲಿನ ಕಣಜಕ್ಕೆ ಇಳಿಯೋ ಜಾಗ ಒಂದು ಕಮ್ಮಿ ಆಯಿತು.

ಪಿಯುಸಿ_ಹುಡುಗಿ_ಮದ್ದೂರು

ಕಣಜ ಆಸೆಗೆ ಬಿದ್ದು ಎಲ್ಲ ಹೂವಿನಲ್ಲೂ ಮೊಟ್ಟೆ ಇಟ್ಟರೆ? ಮರಕ್ಕೆ ಬೀಜವೇ ಉಳಿಯಲ್ಲವಲ್ಲ. ಅದನ್ನ ತಡೆಯೋರು ಯಾರು?

ಹಕ್ಕಿಗಣ್ಣು_ಕುಕ್ಕರಹಳ್ಳಿ

ತಂಗಿ, ಈ ಪ್ರಶ್ನೆಗೆ ವಿಜ್ಞಾನಿಗಳು ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಉತ್ತರದ ಒಂದು ಭಾಗ ಕಣಜದ ಶತ್ರುವಿನಲ್ಲಿದೆ.

ಅತ್ತಿ ಕಾಯಿಯ ಹೊರಗೆ ಕೂತು, ಉದ್ದ ಸೂಜಿಯನ್ನ ಗೋಡೆಯಲ್ಲಿ ಇಳಿಸಿ, ಒಳಗಿನ ಕಣಜದ ಮರಿ ಇರೋ ಜಾಗಕ್ಕೇ ಮೊಟ್ಟೆ ಇಡೋ ಬೇರೆ ಕಣಜಗಳಿವೆ. ಪರಾಗದ ಕೆಲಸಕ್ಕೆ ಅವು ಬರಲ್ಲ. ನಮ್ಮ ಅತ್ತಿಯ ಮೇಲೇ ಬದುಕೋ ಇಂಥ ಒಂದು ಕಣಜದ ಸೂಜಿಯನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪರೀಕ್ಷೆ ಮಾಡಿ 2014ರಲ್ಲಿ ಬರೆದರು. ಕೂದಲಿಗಿಂತ ತೆಳು, ತುದಿಯಲ್ಲಿ ಹಲ್ಲು, ಹಲ್ಲಿನಲ್ಲಿ ಸತು ಲೋಹ ಸೇರಿ ಗಟ್ಟಿಯಾಗಿದೆ.

ಈ ಸೂಜಿಗೆ ಗೋಡೆ ಹತ್ತಿರದ ಮರಿಗಳು ಸುಲಭವಾಗಿ ಸಿಗುತ್ತವೆ, ಕಾಯಿಯ ನಡುವಿನ ಕಡೆ ಇರೋವು ಸಿಗಲ್ಲ. ಆಸ್ಟ್ರೇಲಿಯಾದ ಒಂದು ಅತ್ತಿ ಜಾತಿಯಲ್ಲಿ 2008ರಲ್ಲಿ ಇದನ್ನ ಎಣಿಸಿ ತೋರಿಸಿದರು. ಗೋಡೆ ಕಡೆಯ ಹೂವಿನಲ್ಲಿ ಮೊಟ್ಟೆ ಇಟ್ಟ ತಾಯಿಗೆ ಮರಿ ಉಳಿಯೋದು ಕಮ್ಮಿ. ಹಾಗಾಗಿ ಒಳಗಿನ ಹೂವಿನಲ್ಲೇ ಇಡೋ ಸ್ವಭಾವ ಗೆಲ್ಲುತ್ತೆ, ಗೋಡೆ ಕಡೆಯ ಹೂ ಬೀಜವಾಗುತ್ತೆ. ಕಣಜದ ಶತ್ರು ಮರಕ್ಕೆ ಬೀಜ ಉಳಿಸಿಕೊಡ್ತು ಅಂತ ಆಯಿತು. ಯಾರಿಗೂ ಯಾರ ಮೇಲೂ ಕರುಣೆ ಇಲ್ಲದೇ ಈ ಸಂಬಂಧ ಸುಮಾರು 7.5 ಕೋಟಿ ವರ್ಷ ನಡೆದುಕೊಂಡು ಬಂದಿದೆ.

ಗದ್ದೆಬದು_ಪಾಂಡವಪುರ

ಮಗನಿಗೆ ಇದನ್ನೆಲ್ಲ ಓದಿ ಹೇಳ್ದೆ. ಕಾಯಿ ಕುಯ್ದು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡ್ದ. ಜೇನು ಬಣ್ಣದ್ದು ಒಂದಷ್ಟು ತೆವಳ್ತಿದ್ವು. ಮರ ಕಡಿಯೋ ಮಾತು ಬಿಟ್ಟ. ನೆರಳು ಬೀಳೋ ಕಡೆ ರೆಂಬೆ ಮಾತ್ರ ಸವರ್ತೀವಿ.

ಪಿಯುಸಿ_ಹುಡುಗಿ_ಮದ್ದೂರು

ಅತ್ತಿಗೆ ಕಣಜ ಇದೆ. ಹಿಪ್ಪುನೇರಳೆಗೆ ಪರಾಗ ಯಾರು ಸಾಗಿಸುತ್ತಾರೆ? ಅದನ್ನೂ ಸೆಮಿನಾರಿಗೆ ಸೇರಿಸಿಕೊಳ್ಳುತ್ತೀನಿ.

ಮೇಷ್ಟ್ರು_ಸರಸ್ವತಿಪುರಂ

ಗಾಳಿ. ಆದರೆ ಗಾಳಿ ಬರಲಿ ಎಂದು ಅದು ಕಾಯುತ್ತ ಕೂರುವುದಿಲ್ಲ. ಬಿಳಿ ಹಿಪ್ಪುನೇರಳೆಯ ಗಂಡು ಹೂವಿನಲ್ಲಿ ಕೇಸರ ಒಳಕ್ಕೆ ಬಾಗಿ ಬಿಗಿದುಕೊಂಡಿರುತ್ತದೆ. ಒಣಹವೆಯಲ್ಲಿ ಬಿಗಿ ಕಳಚಿದೊಡನೆ ಚಿಮ್ಮಿ ಪರಾಗವನ್ನು ಎಸೆಯುತ್ತದೆ. 2006ರಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ಅಳೆದಾಗ ಆ ಚಲನೆ ಸೆಕೆಂಡಿನ 10 ಲಕ್ಷದಲ್ಲಿ 25 ಭಾಗದಷ್ಟು ಹೊತ್ತಿನಲ್ಲಿ ಮುಗಿದಿತ್ತು, ವೇಗ ಶಬ್ದದ ವೇಗದ ಅರ್ಧಕ್ಕೂ ಮೀರಿತ್ತು. ಗಿಡಗಳ ಚಲನೆಯಲ್ಲಿ ಅಷ್ಟು ವೇಗವನ್ನು ಅದಕ್ಕೆ ಮೊದಲು ಯಾರೂ ದಾಖಲಿಸಿರಲಿಲ್ಲ.

ನೋಡಬೇಕಾದರೆ ಕಡ್ಡಿ ಸವರದೆ ಬಿಟ್ಟ ಗಿಡ ಬೇಕು. ಗಂಡು ಹೂಗೊಂಚಲು ಬೆರಳುದ್ದದ ಜುಟ್ಟಿನ ಹಾಗೆ ಜೋತಿರುತ್ತದೆ. ಇನ್ನೂ ಬಿಚ್ಚದ ಗೊಂಚಲೊಂದನ್ನು ಕಡ್ಡಿ ಸಮೇತ ತಂದು ನೀರಿನ ಲೋಟದಲ್ಲಿಟ್ಟು, ಕೆಳಗೆ ಕಪ್ಪು ಕಾಗದ ಹಾಸಿ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡು. ಫ್ಯಾನ್ ಹಾಕಬೇಡ. ಹೊತ್ತು ಏರಿದ ಮೇಲೆ ಬಿಳಿ ಪುಡಿ ಚಿಮ್ಮಿದ ಗುರುತು ಕಾಗದದ ಮೇಲೆ ಬೀಳುತ್ತದೆ, ಅದರ ಫೋಟೋ ತೆಗೆದು ಸೆಮಿನಾರಿನಲ್ಲಿ ಹಾಕು.